ಇಪ್ಪತ್ತೆರಡು ಬೈಸಾ

ಸೀರೆಯ ಫಾಲ್ ಅರ್ಧಕ್ಕೆ ಬಂದಿತ್ತು. ಬೃಂದಾ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ನಿಲ್ಲಿಸಿ, ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿದಳು. ಎಳೆದಾಗ ಸುಕ್ಕು ಕಂಡರೆ ಅಷ್ಟನ್ನೂ ಬಿಚ್ಚಬೇಕು. ಕಾಣಲಿಲ್ಲ. ಮತ್ತೆ ಸೂಜಿ ತೆಗೆದುಕೊಂಡಳು.

ಬೆನ್ನ ಹಿಂದೆ ಸಿದ್ಧಾರ್ಥ್ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಕಟ್ಟಡದ ಓನರ್ ಶ್ರೀರಾಮಪ್ಪನವರ ಮಗ. ಅವನು ಹಿಡಿದಿದ್ದ ಟೇಪೂ ಅವಳದೇ.

"ಆಂಟಿ, ಆರಡಿ ಸಾಕು ನಂಗೆ. ಒಂದು ರ್‍ಯಾಕು, ಒಂದು ಟೇಬಲ್ಲು. ಪಾರ್ಸಲ್ ಬರುತ್ತೆ, ಜನ ಬಂದು ತಗೊಂಡು ಹೋಗ್ತಾರೆ. ಗಲಾಟೆ ಇಲ್ಲ, ಗಲೀಜಿಲ್ಲ. ನಿಮ್ಮ ಬಾಡಿಗೆ ಅರ್ಧಕ್ಕರ್ಧ ಕಮ್ಮಿ."

"ಟೇಪು ಎಳೀಬೇಡ್ವೋ, ಅದು ಬಟ್ಟೆ ಟೇಪು. ಎಳೆದ್ರೆ ಉದ್ದ ಆಗುತ್ತೆ. ಆಮೇಲೆ ಊರಿನ ಬ್ಲೌಸೆಲ್ಲಾ ಟೈಟಾಗುತ್ತೆ."

ಅವನು ನಗುತ್ತಾ ಟೇಪು ಸುತ್ತಿಟ್ಟ. "ಈ ಮೆಷಿನ್ ಒಂದು ತೆಗೆದ್ರೆ ಜಾಗವೇ ಜಾಗ. ಯಾರು ಹೊಲೀತಾರೆ ಇದ್ರಲ್ಲಿ?"

"ಯಾರೂ ಇಲ್ಲ."

"ಮತ್ತೆ? ಸಂಜೆ ಬರ್ತೀನಿ. ನೀವು ಹೂಂ ಅಂದ್ಬಿಡಿ, ಗುಜರಿಯವ್ನಿಗೆ ನಾನೇ ಫೋನ್ ಮಾಡ್ತೀನಿ."

ಅವನು ಹೋದ ಮೇಲೆ ಬೃಂದಾ ತಲೆಯೆತ್ತಿ ಆ ಮೆಷಿನ್ ಕಡೆ ನೋಡಿದಳು. ನೋಡಿದರೆ ಕಾಣುವುದು ಮೆಷಿನ್ನಲ್ಲ, ಅದರ ಮೇಲಿನ ಗಂಟುಗಳು. ಲೈನಿಂಗ್ ಬಟ್ಟೆ, ಯಾರೋ ಕೊಟ್ಟು ಮರೆತುಹೋದ ಚೂಡಿದಾರ್ ಪೀಸು, ಬುದ್ಧ ಪೂರ್ಣಿಮೆಗೆ ಹೊಲಿದು ಉಳಿದ ಬಿಳಿ ಬಟ್ಟೆ. ಹದಿನೆಂಟು ವರ್ಷದ ಹಿಂದೆ ಹಲಸೂರು ಕೆರೆಯ ಹಿಂದಿನ ಈ ಬೀದಿಯಲ್ಲಿ ಅಂಗಡಿ ಹಾಕಿದಾಗ ಎರಡೂ ಮೆಷಿನ್ ಒಟ್ಟಿಗೇ ಕೊಂಡು ಆಟೋದಲ್ಲಿ ತಂದಿದ್ದಳು. ಒಂದು ತನಗೆ, ಇನ್ನೊಂದು ಗೆಳತಿ ಇಮಾಮ್ ಬೀಗೆ. ಇಮಾಮ್ ಬೀ ಅದರ ಮುಂದೆ ಒಂದು ದಿನವೂ ಕೂರಲಿಲ್ಲ. ಬೀದಿಯ ಬೆಕ್ಕು ಮಾತ್ರ ಅದರ ಪೆಡಲ್ ಮೇಲೆ ಎರಡು ಸಲ ಮರಿ ಹಾಕಿತ್ತು.

ಬಾಡಿಗೆ ಅರ್ಧವಾದರೆ ಕೆಲಸವೂ ಅರ್ಧ ಮಾಡಬಹುದು. ಮಂಡಿ ಬೇರೆ ಮೊದಲಿನಂತಿಲ್ಲ. ಹೂಂ ಅನ್ನುವುದೇ ಸರಿ. ಅನ್ನಬೇಕು ಎಂದುಕೊಂಡಾಗೆಲ್ಲ ಯಾಕೋ ಬಾಯಿ ಬರುತ್ತಿರಲಿಲ್ಲ, ಅಷ್ಟೆ.

ಇಬ್ಬರೂ ಕೆಲಸ ಕಲಿತದ್ದು ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಅಹ್ಮದ್ ಪಾಷಾ ಮಾಸ್ಟರ್ ಹತ್ತಿರ. ಹಲಸೂರಿನಿಂದ ಬೃಂದಾ ನಡೆದು ಬರುತ್ತಿದ್ದಳು, ಶಿವಾಜಿನಗರದಿಂದ ಇಮಾಮ್ ಬೀ. ಬೃಂದಾ ಅನ್ನುವ ಹೆಸರು ಇಮಾಮ್ ಬೀಯ ಬಾಯಲ್ಲಿ ಮೊದಲ ವಾರದಲ್ಲೇ ಬೂಂದಿ ಆಯಿತು. "ಕ್ಯಾ ಗೇ ಬೂಂದಿ, ಇವತ್ತು ಖಾರಾನೋ ಸಿಹಿನೋ?" ಎಂದು ದಿನಾ ಕೇಳಿಕೊಂಡೇ ಒಳಗೆ ಬರುತ್ತಿದ್ದಳು. ಇಬ್ಬರಿಗೂ ಮದುವೆಯಾಯಿತು, ಒಂದೊಂದು ಹೆಣ್ಣುಮಗು ಆಯಿತು. ಬೃಂದಾಳ ಗಂಡ ಸುಗತ ಕಾಮಾಲೆಯಲ್ಲಿ ತೀರಿಕೊಂಡ. ಇಮಾಮ್ ಬೀಯ ಗಂಡನ ಗಾಡಿ ಅಂಗಡಿ ಮುಚ್ಚಿತು. ಆಗ ಒಬ್ಬ ಏಜೆಂಟ್ ಬಂದು ಗಲ್ಫಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವವರು ಬೇಕು ಅಂದ. ಒಂದು ವೀಸಾ ಮಸ್ಕತ್ತಿಗೆ, ಒಂದು ಬಹರೇನಿಗೆ.

"ಒಂದೇ ಊರಿಗೆ ಕೊಡಿ ಅಣ್ಣಾ, ಇಬ್ರೂ ಜೊತೇಲಿರ್ತೀವಿ," ಎಂದು ಕೇಳಿದ್ದರು.

"ಎರಡೂ ಗಲ್ಫೇ ಅಲ್ವೇನಮ್ಮಾ? ಪಕ್ಕ ಪಕ್ಕ," ಅಂದಿದ್ದ ಅವನು.

ಪಕ್ಕ ಪಕ್ಕ ಅಂದರೆ ಅವರಿಗೆ ಗೊತ್ತಿದ್ದದ್ದು ಶಿವಾಜಿನಗರ ಮತ್ತು ಹಲಸೂರು. ಶುಕ್ರವಾರ ರಜೆ ಸಿಕ್ಕರೆ ಬಸ್ಸು ಹತ್ತಿ ಬಾ, ಬಿರಿಯಾನಿ ಮಾಡಿರ್ತೀನಿ ಅಂತ ಇಮಾಮ್ ಬೀ ಏರ್‌ಪೋರ್ಟಿನಲ್ಲಿ ಹೇಳಿದ್ದಳು. ಬೃಂದಾ ಹೂಂ ಅಂದಿದ್ದಳು. ಮಸ್ಕತ್ತಿನಲ್ಲಿ ಇಳಿದು ವಾರವಾದ ಮೇಲೆ, ಅಂಗಡಿಯ ಮಲಯಾಳಿ ಹೆಂಗಸನ್ನು ಬಹರೇನ್ ಬಸ್ ಎಲ್ಲಿ ಸಿಗುತ್ತೆ ಅಂತ ಕೇಳಿದಳು. ಆ ಹೆಂಗಸು ಕತ್ತರಿ ಕೆಳಗಿಟ್ಟು ನಕ್ಕ ನಗೆ ಬೃಂದಾಳಿಗೆ ಇವತ್ತಿಗೂ ಕಿವಿಯಲ್ಲಿದೆ. ನಡುವೆ ಬೇರೆ ದೇಶವೇ ಇತ್ತು, ಮರಳುಗಾಡಿತ್ತು, ಮೇಲೆ ಸಮುದ್ರ ಬೇರೆ.

ಎರಡು ವರ್ಷಕ್ಕೊಮ್ಮೆ ರಜೆ. ಹೇಗೋ ಹೊಂದಿಸಿ ಇಬ್ಬರೂ ಒಂದೇ ತಿಂಗಳು ಬರುತ್ತಿದ್ದರು. ಮೊದಲ ರಜೆಯಲ್ಲಿ ಒಟ್ಟಿಗೇ ಗಯಾಜ್ ಅಂಗಡಿಗೆ ಹೋದರು. ಕಮರ್ಷಿಯಲ್ ಸ್ಟ್ರೀಟ್ ಬಳಿಯ ಕಿರಿದಾದ ಹಣ ಬದಲಾವಣೆಯ ಅಂಗಡಿ. ಕಪ್ಪು ಹಲಗೆಯ ಮೇಲೆ ದೇಶದೇಶದ ದುಡ್ಡಿನ ಬೆಲೆ ಸುಣ್ಣದ ಕಡ್ಡಿಯಲ್ಲಿ ಬರೆದಿರುತ್ತಿತ್ತು. ಗಯಾಜ್ ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ, ಅಪ್ಪನ ಪಕ್ಕ ಕೂತು ಲೆಕ್ಕ ಕಲಿಯುತ್ತಿದ್ದ.

ಇಮಾಮ್ ಬೀ ಹಲಗೆ ನೋಡಿದವಳೇ ಬೃಂದಾಳನ್ನು ಮೊಣಕೈಯಿಂದ ತಿವಿದಳು. "ನೋಡೇ, ನನ್ನ ದಿನಾರ್ ಮೇಲಿದೆ, ನಿನ್ನ ರಿಯಾಲ್ ಕೆಳಗಿದೆ!"

"ಇಂಗ್ಲಿಷಲ್ಲಿ ಬಹರೇನಿನ ಬಿ ಮೊದಲು ಬರುತ್ತೆ, ಅದಕ್ಕೆ ಮೇಲಿದೆ."

"ಅಕ್ಷರದ ಮಾತಲ್ಲ ಗೇ, ದುಡ್ಡಿನ ಮಾತು. ಗಯಾಜ್, ನನ್ನ ಒಂದು ದಿನಾರಿಗೆ ಇವಳ ರಿಯಾಲ್ ಎಷ್ಟು ಬರುತ್ತೋ?"

ಅಂಥ ಲೆಕ್ಕ ಯಾರೂ ಕೇಳಿರಲಿಲ್ಲ. ರೂಪಾಯಿ ಬಿಟ್ಟು ಆ ಎರಡು ಪುಟ್ಟ ದೇಶಗಳ ದುಡ್ಡಿನ ನಡುವಿನ ಬೆಲೆ ಬೆಂಗಳೂರಿನಲ್ಲಿ ಯಾರಿಗೆ ಬೇಕು? ಗಯಾಜ್ ಕ್ಯಾಲ್ಕುಲೇಟರ್ ಒತ್ತಿದ. "ಒಂದು ರಿಯಾಲ್, ಮೇಲೆ ಇಪ್ಪತ್ತೆರಡು ಬೈಸಾ."

ಬೈಸಾ ಅಂದರೆ ನಮ್ಮ ಪೈಸೆಯೇ. ಅರಬರ ಬಾಯಲ್ಲಿ ಪ ಹೊರಳುವುದಿಲ್ಲ. ಒಂದು ಕಾಲದಲ್ಲಿ ಆ ಊರುಗಳಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು ಅಂತ ಅಹ್ಮದ್ ಪಾಷಾ ಮಾಸ್ಟರ್ ಹೇಳುತ್ತಿದ್ದರು. ರೂಪಾಯಿ ವಾಪಸ್ ಬಂತು, ಪೈಸೆ ಅಲ್ಲೇ ಉಳಿದು ಬೈಸಾ ಆಯಿತು. ಸಾವಿರ ಬೈಸಾಗೆ ಒಂದು ರಿಯಾಲ್.

"ಹಾಗಾದ್ರೆ ನಾನು ನಿನಗಿಂತ ಇಪ್ಪತ್ತೆರಡು ಬೈಸಾ ದೊಡ್ಡವಳು. ಇನ್ಮೇಲೆ ಆಪಾ ಅನ್ನು," ಎಂದು ಇಮಾಮ್ ಬೀ ಸೆರಗು ಸರಿಮಾಡಿಕೊಂಡು ನಿಂತಳು.

ಆವತ್ತು ಅಲ್ಲೇ ಒಂದು ಮಾತಾಯಿತು. ಇಬ್ಬರೂ ಊರಿಗೆ ವಾಪಸ್ ಬಂದು ಸೇರಿ ಒಂದು ಅಂಗಡಿ ಹಾಕಬೇಕು. ಅಲ್ಲಿಯವರೆಗೆ ಇವಳ ಒಂದು ರಿಯಾಲ್ ನೋಟು ಅವಳ ಹತ್ತಿರ, ಅವಳ ಒಂದು ದಿನಾರ್ ನೋಟು ಇವಳ ಹತ್ತಿರ. ಅಂಗಡಿ ತೆರೆದ ದಿನ ಎರಡು ನೋಟನ್ನೂ ಒಂದೇ ಗಲ್ಲಾಕ್ಕೆ ಹಾಕಬೇಕು. "ಒಂದಕ್ಕೊಂದು ಕಣೇ, ಮೇಲಿನ ಇಪ್ಪತ್ತೆರಡು ನಿಂಗೆ ಮಾಫಿ," ಅಂದಿದ್ದಳು ಇಮಾಮ್ ಬೀ.

ಮುಂದಿನ ರಜೆಗೆ ಬಂದಾಗ ರೂಪಾಯಿಯ ಬೆಲೆ ಎಲ್ಲೋ ಹೋಗಿತ್ತು. ದಿನಾರಿಗೆ ರಿಯಾಲ್ ಎಷ್ಟು ಅಂತ ಕೇಳಿದರೆ ಮಾತ್ರ ಅದೇ, ಒಂದಕ್ಕೆ ಒಂದು, ಮೇಲೆ ಇಪ್ಪತ್ತೆರಡು. ಅದರ ಮುಂದಿನ ರಜೆಗೂ ಅಷ್ಟೇ. ಕೊನೆಗೆ ಗಯಾಜ್ ಬಿಡಿಸಿ ಹೇಳಿದ್ದ. "ಅಕ್ಕಾ, ಅದು ಅಲ್ಲಾಡಲ್ಲ. ಎರಡನ್ನೂ ಡಾಲರಿಗೆ ಕಟ್ಟಿದ್ದಾರೆ. ಒಂದೇ ಗಾಡಿಯ ಎರಡು ಎತ್ತು ಇದ್ದಂಗೆ. ಗಾಡಿ ಎಲ್ಲಿಗೆ ಹೋದ್ರೂ ಎತ್ತುಗಳ ಮಧ್ಯದ ಅಂತರ ಅಷ್ಟೇ."

ಅದು ಅಲ್ಲಾಡುವುದಿಲ್ಲ ಅಂತ ಗೊತ್ತಾದ ಮೇಲೆ ಅದನ್ನು ಅಲ್ಲಾಡಿಸುವ ಕೆಲಸ ಇವರೇ ವಹಿಸಿಕೊಂಡರು.

ಶುಕ್ರವಾರ ಫೋನ್ ಮಾಡುವ ಹೊತ್ತಿಗೆ ಇಮಾಮ್ ಬೀಯ ಸುತ್ತ ಶಿವಾಜಿನಗರದ ಕಡೆಯ ಹೆಂಗಸರೇ ನಾಲ್ಕು ಜನ ಇರುತ್ತಿದ್ದರು. ಬೃಂದಾಳ ಪಕ್ಕ ಸೂಪರ್‌ವೈಸರ್ ನಿಂತಿರುತ್ತಿದ್ದ. ಮನಸ್ಸಿನದು ಏನನ್ನೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. "ಇವತ್ತು ಎಷ್ಟು?" ಎಂದು ಒಬ್ಬಳು ಕೇಳುವುದು. "ಇಪ್ಪತ್ತೆರಡು" ಅಂದರೆ ಎಲ್ಲ ನೆಟ್ಟಗಿದೆ. ಇಪ್ಪತ್ತು ಅಂದರೆ ಸ್ವಲ್ಪ ಬೇಜಾರು. ಹದಿನೆಂಟು ಅಂದರೆ ಅತ್ತಿದ್ದಾಳೆ. ಕೇಳಿಸಿಕೊಂಡವರು, ಎಷ್ಟು ಜಾಣೆಯರು, ವಾರವಾರವೂ ರೇಟು ವಿಚಾರಿಸಿಕೊಳ್ಳುತ್ತಾರೆ ಎಂದುಕೊಳ್ಳುತ್ತಿದ್ದರು. ಬೃಂದಾಳ ಮಗಳು ತೇಜಶ್ರೀ ಎಸ್ಸೆಸ್ಸೆಲ್ಸಿ ಪಾಸಾದ ವಾರ ಬೃಂದಾ ಫೋನಿನಲ್ಲಿ ಮೂವತ್ತು ಎಂದು ಕೂಗಿದ್ದಳು. "ಅಷ್ಟೊಂದು ಏರಿಸ್ಬೇಡ್ವೇ, ಗಯಾಜ್ ಅಂಗಡಿ ಮುಳುಗಿಹೋಗುತ್ತೆ!" ಎಂದು ಆ ಕಡೆಯಿಂದ ನಗು. ಇಮಾಮ್ ಬೀಯ ತಮ್ಮ ಬೈಕಿನಿಂದ ಬಿದ್ದು ತೀರಿಕೊಂಡ ವಾರ, ಎಷ್ಟು ಅಂತ ಕೇಳಿದ್ದಕ್ಕೆ "ಹದಿನೈದು" ಅಂದಳು. ಅದಕ್ಕಿಂತ ಕೆಳಗೆ ಇಬ್ಬರೂ ಯಾವತ್ತೂ ಇಳಿದಿರಲಿಲ್ಲ.

ಅವ್ವ ವೆಂಕಟಮ್ಮ ಹಾಸಿಗೆ ಹಿಡಿದಾಗ ಬೃಂದಾ ಊರಿಗೆ ಬಂದುಬಿಟ್ಟಳು. ಇನ್ನೆರಡು ವರ್ಷಕ್ಕೆ ನಾನೂ ಬರ್ತೀನಿ, ನೀನು ಮೆಷಿನ್ ತಂದಿಡು ಅಂದಳು ಇಮಾಮ್ ಬೀ. ಎರಡು ಒಂಬತ್ತಾಯಿತು. ಬಂದ ಮೇಲೆ ಅಂಗಡಿಗೆ ಒಮ್ಮೆ ಬಂದಿದ್ದಳು. ಚಹಾ ಕುಡಿದಳು. ಮೆಷಿನ್ ಮೇಲಿನ ಗಂಟುಗಳನ್ನು ನೋಡಿದಳು, ಲೋಟ ಇಟ್ಟು ಹೊರಟಳು. ಬಹರೇನಿನಲ್ಲಿ ಅಷ್ಟು ವರ್ಷ ಇದ್ದು ಶಿವಾಜಿನಗರದಲ್ಲಿ ಮಹಡಿ ಮೇಲೆ ಮಹಡಿ ಎತ್ತಿದವಳು ಇಲ್ಲಿ ಬಂದು ಪೆಡಲ್ ತುಳಿಯುತ್ತಾಳೆಯೇ, ಕೇಳುವುದೇ ತಪ್ಪಾದೀತು ಎಂದು ಬೃಂದಾ ಕೇಳಲಿಲ್ಲ. ಕರೆಯಲಿ ಅಂತ ಅವಳು ಕಾದಿದ್ದಳೋ ಏನೋ. ಆಮೇಲೆ ಮೊಮ್ಮಕ್ಕಳು ಬಂದರು, ಕೊರೋನಾ ಬಂತು. ಹಬ್ಬಕ್ಕೆ ಮಾತ್ರ ಫೋನು. ಫೋನಿನಲ್ಲಿ ಚೆನ್ನಾಗಿದೀಯಾ, ಚೆನ್ನಾಗಿದೀನಿ. ಎಷ್ಟು ಅಂತ ಕೇಳುವುದು ಯಾವಾಗ ನಿಂತಿತೋ ಇಬ್ಬರಿಗೂ ತಿಳಿಯಲಿಲ್ಲ.

ಫಾಲ್ ಮುಕ್ಕಾಲಿಗೆ ಬಂದಾಗ ಬಾಗಿಲಲ್ಲಿ ನೆರಳು ಬಿತ್ತು.

"ಖಾಲಾ, ಗುರುತು ಸಿಕ್ತಾ?"

ಇಮಾಮ್ ಬೀಯ ಮಗಳು ರುಕ್ಸಾರ್. ಕೈಯಲ್ಲಿ ಬೇಕರಿ ಕವರು, ಹೆಗಲಲ್ಲಿ ಸ್ಕೂಲ್ ಟೀಚರ್ ಬ್ಯಾಗು.

"ಸಿಗದೆ ಏನು? ನಿನ್ನ ಮೊದಲನೇ ಫ್ರಾಕಿಗೆ ಲೇಸು ಹಚ್ಚಿದವಳು ನಾನು. ಬಾ, ಕೂತ್ಕೋ. ಆ ಸ್ಟೂಲು ಅಲ್ಲಾಡುತ್ತೆ, ಈ ಕಡೆ ಕೂತ್ಕೋ."

ರುಕ್ಸಾರ್ ಕೂತು ದಿಲ್‌ಪಸಂದ್ ಬಿಚ್ಚಿಟ್ಟಳು. ಶಿವಾಜಿನಗರದ ಮನೆಯನ್ನು ಬಿಲ್ಡರಿಗೆ ಕೊಟ್ಟಿದ್ದಾರೆ, ಒಡೆದು ಕಟ್ಟುತ್ತಾರೆ. ರಂಜಾನ್ ಆದಾಗಿನಿಂದ ಅಮ್ಮಿ ಕೆ.ಆರ್. ಪುರದಲ್ಲಿ ರುಕ್ಸಾರಳ ಫ್ಲ್ಯಾಟಿನಲ್ಲೇ ಇದ್ದಾರೆ. ಹೀಗೆ ಹೇಳುತ್ತಾ ಹೋದಳು.

"ಬೀರು ಖಾಲಿ ಮಾಡ್ವಾಗ ನಿಮ್ಮ ರಿಯಾಲ್ ನೋಟ್ ಸಿಕ್ತು ಖಾಲಾ. ಅಮ್ಮಿ ಮಾರನೇ ದಿನವೇ ಗಯಾಜ್ ಅಂಕಲ್ ಅಂಗಡಿಗೆ ಹೋದ್ರು, ಬದಲಾಯ್ಸಕ್ಕೆ."

ಬೃಂದಾಳ ಸೂಜಿ ಓಡುತ್ತಲೇ ಇತ್ತು. ಹೊಲಿಗೆ ಮಾತ್ರ ಉದ್ದುದ್ದ ಬೀಳತೊಡಗಿತು. ಬದಲಾಯಿಸಿದಳೇ? ಇಷ್ಟು ವರ್ಷ ಇಟ್ಟುಕೊಂಡು ಈಗ ಇನ್ನೂರು ಚಿಲ್ಲರೆ ರೂಪಾಯಿಗೆ ಬದಲಾಯಿಸಿದಳೇ? ಮನೆ ಖಾಲಿ ಮಾಡುವಾಗ ಬೇಕಾದ್ದು ಬೇಡದ್ದು ಎಲ್ಲವೂ ಕೈಗೆ ಬರುತ್ತದೆ. ಅವಳ ಕೈಗೆ ಇದು ಬೇಡದ್ದಾಗಿ ಬಂದಿರಬೇಕು. ಹೋಗಲಿ. ಸಂಜೆ ಸಿದ್ಧಾರ್ಥ್ ಬಂದರೆ ಹೂಂ ಅನ್ನಬೇಕು. ಗುಜರಿಯವನು ಇವತ್ತೇ ಬರಲಿ.

"ಒಳ್ಳೇದಾಯ್ತು ಬಿಡು," ಅಂದಳು.

"ಎಲ್ಲಿ ಒಳ್ಳೇದು? ಅದು ನಡೆಯಲ್ವಂತೆ! ಒಮಾನಿನವ್ರು ಹಳೇ ನೋಟೆಲ್ಲಾ ವಾಪಸ್ ತಗೊಂಡ್ಬಿಟ್ಟಿದಾರಂತೆ, ಕೊಟ್ಟ ಗಡುವೂ ಮುಗಿದಿದೆ. ಅಂಕಲ್ ಹಂಗಂದಿದ್ದೇ ಅಮ್ಮಿ ಅಲ್ಲೇ ಬೆಂಚಿನ ಮೇಲೆ ಕೂತ್ಬಿಟ್ರು. 'ಬೂಂದಿ ನೋಟು ನನ್ನ ಬೀರುನಲ್ಲೇ ಸತ್ತೋಯ್ತಲ್ಲೋ ಗಯಾಜ್, ನಾನು ನೋಡ್ಲೇ ಇಲ್ವಲ್ಲೋ' ಅಂತ. ಜನ ಎಲ್ಲಾ ನೋಡ್ತಿದಾರೆ, ನಂಗೆ ಏನು ಮಾಡ್ಬೇಕೋ ತಿಳೀಲಿಲ್ಲ."

ಬೃಂದಾ ಸೂಜಿ ನಿಲ್ಲಿಸಿದಳು. "ಯಾವ್ದಕ್ಕೆ ಬದಲಾಯ್ಸಕ್ಕೆ ಹೋಗಿದ್ಳು? ರೂಪಾಯಿಗಾ?"

"ಅಯ್ಯೋ ರೂಪಾಯಿಗೆ ಯಾಕೆ? ಹಳೇದು ಮೆತ್ತಗಾಗಿದೆ, ಮಡಿಕೆ ಬಿಡ್ತಿದೆ, ಗಟ್ಟಿ ನೋಟು ಇಸ್ಕೋಬೇಕು ಅಂತ. ಕೊನೆಗೆ ಅಂಕಲ್ಲೇ ಮಸ್ಕತ್ತಿಂದ ಬಂದವ್ರು ಯಾರ ಹತ್ರಾನೋ ಹೊಸದು ತೆಗೆಸಿಟ್ಟಿದ್ರು. ನಿನ್ನೆ ಹೋಗಿ ತಂದೆ. ತಗೊಳ್ಳಿ."

ಪರ್ಸಿನಿಂದ ಒಂದು ಕವರ್ ತೆಗೆದಳು. ಒಳಗೆ ಗರಿಗರಿಯಾದ ಒಂದು ರಿಯಾಲ್.

ಬೃಂದಾ ಅದನ್ನು ಮಡಿಲಲ್ಲಿ ಇಟ್ಟುಕೊಂಡಳು, ಕೈಯಲ್ಲಿ ಹಿಡಿಯಲಿಲ್ಲ. ನೋಟು ಅವಳ ಹತ್ತಿರವೇ ಇರಬೇಕಾದ್ದಲ್ಲವೇ, ಇಬ್ಬರೂ ಸೇರಿ ಅಂಗಡಿಯಲ್ಲಿ ಕೂರುವ ದಿನದವರೆಗೆ? ವಾಪಸ್ ಯಾಕೆ ಕಳಿಸಿದಳು? ನಿನ್ನದು ನಿನಗೆ, ನನ್ನದು ನನಗೆ, ಇಲ್ಲಿಗೆ ಮುಗಿಸೋಣ ಅಂತಲೇ? ಹಾಗಿದ್ದರೆ ಕೊಕ್ಕೆ ಗುಂಡಿಗಳ ಡಬ್ಬಿಯ ತಳದಲ್ಲಿರುವ ದಿನಾರನ್ನು ಈಗ ಈ ಹುಡುಗಿಯ ಕೈಯಲ್ಲಿ ಕೊಟ್ಟು ಕಳಿಸಬೇಕು.

"ಇನ್ನೇನಾದ್ರೂ ಅಂದ್ಳಾ?"

ರುಕ್ಸಾರ್ ಸ್ವಲ್ಪ ಹತ್ತಿರ ಸರಿದಳು. "ಅದನ್ನೇ ಹೇಳೋಣ ಅಂತ ನಾನೇ ಬಂದೆ ಖಾಲಾ. 'ಬೂಂದಿಗೆ ಹೇಳು, ಇವತ್ತು ಹನ್ನೊಂದು' ಅಂದ್ರು. ಏನು ಹನ್ನೊಂದು ಅಂದ್ರೆ, ರೇಟು ಅಂತಾರೆ. ನಾನು ಫೋನ್ನಲ್ಲಿ ತೆಗ್ದು ತೋರಿಸ್ದೆ. ಒಂದು ದಿನಾರಿಗೆ ಒಂದು ರಿಯಾಲ್ ಇಪ್ಪತ್ತೆರಡು ಬೈಸಾ ಅಂತ ಅದ್ರಲ್ಲಿ ಕ್ಲಿಯರ್ರಾಗಿದೆ. ನೋಡಿದ್ರೂ ಒಪ್ಪಲ್ಲ. 'ನಿನ್ನ ಫೋನ್ಗೇನು ಗೊತ್ತು, ಹನ್ನೊಂದೇ, ಹೋಗಿ ಹೇಳು' ಅಂತ ಬೈದ್ರು. ಮರೆವು ಶುರುವಾಗಿದೆ ಅನ್ಸುತ್ತೆ. ಡಾಕ್ಟರಿಗೆ ತೋರಿಸೋಣ ಅಂತಿದೀವಿ."

ಹನ್ನೊಂದು.

ಹೊರಗೆ ತರಕಾರಿ ಗಾಡಿಯವನು ತಮಿಳಿನಲ್ಲಿ ಕೂಗುತ್ತಾ ಹೋದ. ಬೃಂದಾ ಮಡಿಲಿನ ನೋಟನ್ನು ಎತ್ತಿ ಕೈಯಲ್ಲಿ ಹಿಡಿದಳು. ತಮ್ಮ ಸತ್ತಾಗ ಹದಿನೈದು ಅಂದವಳು.

"ಕಣ್ಣು ಹೇಗಿದೆ ಅವಳದು?"

"ಕಣ್ಣು ಸೂಪರ್. ಆಪರೇಷನ್ ಆದ ಮೇಲೆ ಸೂಜಿಗೆ ದಾರ ಅವ್ರೇ ಪೋಣಿಸ್ತಾರೆ. ಆದ್ರೆ ಹೊಲಿಯೋಕೆ ಮನೇಲಿ ಏನಿದೆ? ಮೊನ್ನೆ ಸ್ಕೂಲಿಂದ ಬಂದು ನೋಡಿದ್ರೆ, ಚೆನ್ನಾಗಿರೋ ದಿಂಬಿನ ಕವರ್ ಎಲ್ಲಾ ಬಿಚ್ಚಿ ಕೂತಿದಾರೆ. ಯಾಕಮ್ಮಿ ಅಂದ್ರೆ, ಮತ್ತೆ ಹೊಲೀತೀನಿ ಅಂತಾರೆ. ಇಲ್ಲಾಂದ್ರೆ ಕಿಟಕಿ. ಎದುರಿಗೇ ಮೆಟ್ರೋ ಸ್ಟೇಷನ್ನು, ಟ್ರೇನ್ ಬರೋದು ಹೋಗೋದು ನೋಡ್ತಾ ಕೂತಿರ್ತಾರೆ. 'ಇದು ಹಲಸೂರಿಗೆ ಹೋಗುತ್ತಲ್ವಾ' ಅಂತ ದಿನಾ ಕೇಳ್ತಾರೆ. ಹೂಂ ಅಮ್ಮಿ ಅಂತ ದಿನಾ ಹೇಳ್ತೀನಿ. ಅದೂ ಮರೆವೇ ಅಲ್ವಾ?"

ಮರೆವಲ್ಲ ಕಣೇ ಅನ್ನುವ ಮಾತು ಬೃಂದಾಳ ನಾಲಿಗೆಯ ತುದಿಗೆ ಬಂತು. ಅಲ್ಲೇ ತಡೆದಳು. ಸೂಪರ್‌ವೈಸರನ ಪಕ್ಕ ನಿಂತು ಕಾಪಾಡಿಕೊಂಡು ಬಂದ ಮಾತು ಅದು. ಮಗಳ ಎದುರು ಬಿಡಿಸಿಟ್ಟರೆ, ಹನ್ನೊಂದು ಅಂದರೆ ನಿನ್ನ ಮನೆಯಲ್ಲಿ ನಿನ್ನಮ್ಮನಿಗೆ ಉಸಿರು ಕಟ್ಟುತ್ತಿದೆ ಅಂತಲೂ ಹೇಳಬೇಕಾಗುತ್ತದೆ. ಪಾಪ, ಅಷ್ಟು ದೂರದಿಂದ ದಿಲ್‌ಪಸಂದ್ ತಂದಿರುವ ಹುಡುಗಿ.

"ಡಾಕ್ಟರಿಗೆ ಈಗಲೇ ಬೇಡ. ಒಂದು ವಾರ ನೋಡು," ಅಂದಳು.

"ಹಂಗಂತೀರಾ?"

"ಹೂಂ. ಹೊಸ ಜಾಗ ಅಲ್ವಾ."

ರುಕ್ಸಾರ್ ಹೋದ ಮೇಲೆ ಬೃಂದಾ ಉದ್ದುದ್ದ ಬಿದ್ದಿದ್ದ ಹೊಲಿಗೆ ಬಿಚ್ಚಿ, ಫಾಲ್ ಸರಿಯಾಗಿ ಮುಗಿಸಿ, ಸೀರೆ ಮಡಿಸಿಟ್ಟಳು. ಆಮೇಲೆ ಎದ್ದು ಎರಡನೇ ಮೆಷಿನ್ ಮೇಲಿನ ಗಂಟುಗಳನ್ನು ಒಂದೊಂದಾಗಿ ಇಳಿಸಿದಳು. ಕೆಳಗಿನ ಹೊದಿಕೆಯನ್ನು ಎಳೆದಾಗ ಹದಿನೆಂಟು ವರ್ಷದ ಧೂಳು ಮೂಗಿಗೆ ಬಡಿದು ಸೀನು ಬಂತು. ಚಕ್ರ ಮೊದಲು ಮಿಸುಕಲಿಲ್ಲ. ಎಣ್ಣೆ ಬಿಟ್ಟು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸುತ್ತಾ ಹೋದಳು. ಕರ್ರೆಂದು ಸದ್ದು ಮಾಡಿ, ಕೊನೆಗೆ ಒಂದು ಸುತ್ತು ಬಂತು.

ಸಿದ್ಧಾರ್ಥ್ ಬಂದವನು ಬಾಗಿಲಲ್ಲೇ ನಿಂತು ಮುಖ ಅರಳಿಸಿದ. "ಆಂಟಿ, ಆಗ್ಲೇ ಖಾಲಿ ಮಾಡ್ತಿದೀರಾ? ಗುಜರಿಯವ್ನಿಗೆ ಫೋನ್ ಮಾಡ್ಲಾ?"

"ಬೇಡ."

"ಮತ್ತೆ ಇದೇನು?"

"ಎಣ್ಣೆ ಹಾಕ್ತಿದೀನಿ."

"ಗುಜರಿಗೆ ಹಾಕೋಕೆ ಎಣ್ಣೆ ಯಾಕೆ?" ಅವನಿಗೆ ನಗು. "ಹೂಂ ಅಂತಾನೋ ಊಹೂಂ ಅಂತಾನೋ ಒಂದು ಹೇಳ್ಬಿಡಿ."

"ಭಾನುವಾರ ಹೇಳ್ತೀನಿ. ಅಲ್ಲೀವರೆಗೂ ನಿನ್ನ ಪಾರ್ಸಲ್ಲು ಹಳಸಿಹೋಗಲ್ಲ. ತಗೋ, ದಿಲ್‌ಪಸಂದ್ ತಿನ್ನು."

ಅವನು ಎರಡು ತುಂಡು ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದು ಹೋದ. ಬೃಂದಾ ಕೊಕ್ಕೆ ಗುಂಡಿಗಳ ಡಬ್ಬಿಯನ್ನು ಮಗುಚಿ, ತಳದ ಕಾಗದದ ಕೆಳಗಿಂದ ದಿನಾರ್ ತೆಗೆದಳು. ಇದೂ ಹಳೆಯದೇ. ಬದುಕಿದೆಯೋ ಸತ್ತಿದೆಯೋ ಯಾರಿಗೆ ಗೊತ್ತು. ಗಯಾಜನನ್ನು ಕೇಳಬಹುದು. ಕೇಳುವುದು ಬೇಡ ಅನ್ನಿಸಿತು. ಅದನ್ನು ಹೊಸ ರಿಯಾಲಿನ ಜೊತೆಗೆ ಮಡಿಸಿ, ಗಲ್ಲಾಕ್ಕೆ ಹಾಕದೆ, ತನ್ನ ಪರ್ಸಿನಲ್ಲಿಟ್ಟುಕೊಂಡಳು. ಗಲ್ಲಾಕ್ಕೆ ಒಬ್ಬಳೇ ಹಾಕುವ ಹಾಗಿಲ್ಲ.

ಇಮಾಮ್ ಬೀ ಕುಳ್ಳಿ. ಮಾಸ್ಟರ್ ಅಂಗಡಿಯಲ್ಲೂ ಅವಳಿಗೆ ಎತ್ತರದ ಸ್ಟೂಲು ಆಗಿಬರುತ್ತಿರಲಿಲ್ಲ, ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಬೃಂದಾ ಅಲ್ಲಾಡುವ ಸ್ಟೂಲನ್ನು ಒಳಗೆ ತಳ್ಳಿ, ತಾನು ಕೂರುವ ಗಿಡ್ಡ ಕುರ್ಚಿಯನ್ನು ತಂದು ಎರಡನೇ ಮೆಷಿನ್ ಮುಂದೆ ಇಟ್ಟಳು. ಕೂತು ನೋಡಿದಳು. ಎದುರಿಗೆ ಬಾಗಿಲು, ಬಾಗಿಲಾಚೆ ಬೀದಿ, ಸಂಜೆಯ ಬಿಸಿಲು. ಹೋಗಿಬರುವವರೆಲ್ಲ ಕಾಣುತ್ತಾರೆ. ಒಳ್ಳೆಯ ಜಾಗವೇ.

ಹೊರಮಾವಿನಿಂದ ತೇಜಶ್ರೀಯ ಫೋನ್ ಬಂತು. ಊಟ ಆಯ್ತಾ, ಮಂಡಿ ನೋವು ಹೇಗಿದೆ, ಸಿದ್ಧಾರ್ಥನಿಗೆ ಏನು ಹೇಳಿದೆ ಎಂದೆಲ್ಲ ಕೇಳಿ, "ನಾಳೆ ರಜ, ಮಕ್ಕಳನ್ನ ಕರ್ಕೊಂಡು ಬರ್ಲಾ?" ಅಂದಳು.

"ನಾಳೆ ಬೇಡ ಕಣೇ, ನಾಡಿದ್ದು ಬಾ."

"ಯಾಕೆ, ನಾಳೆ ಏನಿದೆ?"

ಕೆ.ಆರ್. ಪುರಕ್ಕೆ ಮೆಟ್ರೋ ಒಂದೇ ಲೈನು, ಎಲ್ಲೂ ಬದಲಾಯಿಸಬೇಕಾಗಿಲ್ಲ. ಬೆಳಗ್ಗೆ ಹೋದರೆ ಮಧ್ಯಾಹ್ನದೊಳಗೆ ಇಬ್ಬರೂ ವಾಪಸ್ ಬರಬಹುದು. ಬಾಗಿಲು ತೆಗೆದವಳನ್ನು ಚೆನ್ನಾಗಿದೀಯಾ ಅಂತ ಕೇಳುವುದಿಲ್ಲ. ಎಷ್ಟು ಅಂತಲೇ ಕೇಳುವುದು.

"ಏನಿಲ್ಲ," ಅಂದಳು ಬೃಂದಾ, ಚಕ್ರವನ್ನು ಇನ್ನೊಂದು ಸುತ್ತು ತಿರುಗಿಸುತ್ತಾ. "ಸುಮ್ನೆ, ಸ್ವಲ್ಪ ಕೆಲಸ ಇದೆ."